‘ಸಿಟಿಯವರು ಒಪ್ಪಲಿಲ್ಲ’ ಎಂದೆ

ಗಿರಿಜಕ್ಕನ ರೊಟ್ಟಿ ಅಂಗಡಿಯನ್ನು ಎತ್ತಿಸಿದವನು ನಾನು. ಸಿಟಿಯವರಲ್ಲ, ನಗರಾಡಳಿತದ ಯಾವ ಕಾನೂನೂ ಅಲ್ಲ — ನಾನು. ಈ ಐದು ವರ್ಷ ನಮ್ಮ ಕನ್ನಡ ಕೂಟದಲ್ಲಿ ಎಲ್ಲರೂ ಬೇರೆಯದೇ ಕತೆಯನ್ನು ನಂಬಿದ್ದೀರಿ. ಆ ಕತೆ ಹುಟ್ಟಿದ್ದು ನನ್ನ ಬಾಯಲ್ಲಿ.

ನಾನು ಬೆಂಗಳೂರಿನವನು, ಟೆಲಿಕಾಂ ಇಂಜಿನಿಯರ್. 2001ರಲ್ಲಿ ಕೆಲಸ ಹೋದಾಗ ಇದ್ದಬದ್ದದ್ದನ್ನೆಲ್ಲ ಸೇರಿಸಿ, ಲಾಸ್ ಏಂಜಲೀಸ್ ಡೌನ್‌ಟೌನ್‌ನ ಪೂರ್ವಕ್ಕೆ ಒಂದು ಹಳೆಯ ಬ್ರೆಡ್ ಫ್ಯಾಕ್ಟರಿ ಕೊಂಡೆ. ಕೆಂಪು ಇಟ್ಟಿಗೆ, ಗರಗಸದ ಹಲ್ಲಿನಂಥ ಸೂರು, ಒಡೆದ ಗಾಜು. ಮುಂಭಾಗವೆಲ್ಲ ಪಾರಿವಾಳಗಳದ್ದು. ಹಿಂಭಾಗದಲ್ಲಿ ಮಾತ್ರ ಹಳೆಯ ಮಾಲೀಕರ ಕಾಲದಿಂದಲೂ ಬಾಡಿಗೆಗಿದ್ದವರು ಬಾಗಲಕೋಟೆಯ ಗಿರಿಜಕ್ಕ. ಅವರ ಯಜಮಾನರು ಬಸವರಾಜ್ ಚಾಟ್ಸ್‌ವರ್ತ್‌ನಲ್ಲಿ ಇಂಜಿನಿಯರ್. ಅಕ್ಕ ಅಲ್ಲಿ ಇಬ್ಬರು ಹೆಂಗಸರನ್ನು ಇಟ್ಟುಕೊಂಡು ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಚಟ್ನಿಪುಡಿ ಮಾಡಿ ಇಂಡಿಯನ್ ಅಂಗಡಿಗಳಿಗೆಲ್ಲ ಕಳಿಸುತ್ತಿದ್ದರು. ಅವರಿಗೆ ಅದು ಹೊತ್ತು ಹೋಗಲು ಮಾಡಿದ ಕೆಲಸವಾಗಿರಲಿಲ್ಲ, ಹೆಮ್ಮೆಯ ಕೆಲಸವಾಗಿತ್ತು. ಹೋದಾಗಲೆಲ್ಲ ನನಗೊಂದು ತಟ್ಟೆ ಹಾಕುತ್ತಿದ್ದರು. ನಾನು ಅವರಿಗೆ ತಮ್ಮನಾದೆ.

ಕಟ್ಟಡ ರಿಪೇರಿ ಮಾಡುವಷ್ಟು ಶಕ್ತಿ ನನ್ನಲ್ಲಿರಲಿಲ್ಲ. ಆಗ ಒಬ್ಬರು ಹೇಳಿದರು — ಇಂಥ ಹಳೆಯ ಕಾರ್ಖಾನೆಗಳಿಗೆ ಸರ್ಕಾರದ ನೆರವಿದೆ, ಅಪ್ಲೈ ಮಾಡು ಅಂತ. ಗೋಡೆ, ಕಿಟಕಿ, ಚಿಮಣಿ ಮೊದಲಿನ ಹಾಗೇ ಉಳಿಸಿಕೊಂಡು ಸರಿಪಡಿಸಿದರೆ ಆಸ್ತಿ ತೆರಿಗೆ ವರ್ಷಗಟ್ಟಲೆ ಇಳಿಯುತ್ತದೆ, ರಿಪೇರಿ ಖರ್ಚಿನ ಒಂದು ಪಾಲು ಫೆಡರಲ್ ತೆರಿಗೆಯಲ್ಲಿ ವಜಾ ಆಗುತ್ತದೆ. ಊರಿನ ನೆನಪನ್ನು ಉಳಿಸುವವನಿಗೆ ಊರಿನವರೇ ಕೈಜೋಡಿಸಿದ ಹಾಗೆ. ಆ ನೆರವಿನಲ್ಲಿ ಗಿರಿಜಕ್ಕ ಕಟ್ಟಿದ ತೆರಿಗೆಯೂ ಇತ್ತಲ್ಲ ಅನ್ನುವುದು — ಅವತ್ತು ಹೊಳೆಯಲಿಲ್ಲ. ಹೊಳೆದಿದ್ದರೂ...

ಸಿಟಿಯಿಂದ ಕಟ್ಟಡ ನೋಡಲು ಒಬ್ಬ ಮಹಿಳಾ ಅಧಿಕಾರಿ ಬಂದರು. ಎತ್ತರದ, ನಗುಮುಖದ ಹೆಂಗಸು. ಅಕ್ಕ ಅವರ ಕೈಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಅವರು ನಿಂತಲ್ಲೇ ಅಷ್ಟನ್ನೂ ತಿಂದರು. ಆಮೇಲೆ ಹೊರಗೆ, ಟ್ರಕ್ ನಿಲ್ಲಿಸುವ ಕಟ್ಟೆಯ ಮೇಲೆ, ನನ್ನೊಬ್ಬನಿಗೇ ಹೇಳಿದರು: “ಈಕೆಯನ್ನು ಕಳಿಸಬೇಡಿ. ರೊಟ್ಟಿ ಸುಡೋಕೆ ಅಂತಲೇ ಕಟ್ಟಿದ ಕಟ್ಟಡದಲ್ಲಿ ಇವತ್ತಿಗೂ ರೊಟ್ಟಿ ಬೇಯ್ತಾ ಇದೆ. ನಮಗೆ ಇದಕ್ಕಿಂತ ಇನ್ನೇನು ಬೇಕು?”

“ಖಂಡಿತ” ಎಂದೆ.

ಅನುಮತಿ ಸಿಕ್ಕಿತು, ಕೆಲಸ ಶುರುವಾಯಿತು. ಆಗಲೇ ಗ್ಲೆಂಡೇಲ್‌ನ ಒಂದು ಡಿಸೈನ್ ಕಂಪನಿಯವರು ಬಂದು ಹಿಂಭಾಗವನ್ನೇ ಕೇಳಿದರು. ಅಲ್ಲೇ ಬೆಳಕು ಚೆನ್ನಾಗಿತ್ತು. ದೀರ್ಘಕಾಲದ ಲೀಸ್, ಹೊಗೆಯಿಲ್ಲ, ಹಿಟ್ಟಿನ ಧೂಳಿಲ್ಲ. ನಾನು ಅಕ್ಕನ ಹತ್ತಿರ ಹೋಗಿ, ‘ನನಗೆ ಬೇರೆ ಬಾಡಿಗೆದಾರರು ಬೇಕು’ ಎಂದು ನೇರವಾಗಿ ಹೇಳಬಹುದಿತ್ತು. ಅವರ ಕರಾರು ತಿಂಗಳಿಂದ ತಿಂಗಳಿಗಿತ್ತು, ಹಾಗೆ ಹೇಳುವ ಹಕ್ಕು ನನಗಿತ್ತು. ಆದರೆ ಜಾಗವೂ ನನಗೇ ಬೇಕು, ತಮ್ಮ ಅನ್ನುವ ಮಾತೂ ಬೇಕು —

“ಸಿಟಿಯವರು ಒಪ್ಪಲಿಲ್ಲ ಅಕ್ಕ. ಹಿಸ್ಟಾರಿಕ್ ಬಿಲ್ಡಿಂಗಲ್ಲಿ ಒಲೆ ಹಚ್ಚೋ ಹಾಗಿಲ್ವಂತೆ” ಎಂದೆ.

ಹಿಟ್ಟು ನಾದುತ್ತಿದ್ದವರು ಕೈ ನಿಲ್ಲಿಸಿದರು. “ಆಕಿ ಎಷ್ಟ ಚಂದ ಮಾತಾಡಿದ್ಲಲ್ಲೋ. ಆಕೀನ ಬ್ಯಾಡ ಅಂದ್ಲೇನು?”

“ಹೂಂ” ಎಂದೆ.

“ಆಗ್ಲಿ ಬಿಡು ತಮ್ಮಾ. ಸರ್ಕಾರದ ಮುಂದ ನಿಂದಾದ್ರೂ ಏನ್ ನಡೀತದ” ಅಂದರು. ಅಂದು ನನಗೆ ಸಮಾಧಾನ ಹೇಳಿದವರು ಅವರೇ. ಹೊರಡುವಾಗ ಒಂದು ಡಬ್ಬಿ ಹೋಳಿಗೆಯನ್ನೂ ಕಟ್ಟಿ ಕೊಟ್ಟರು. ಮನೆಗೆ ತಂದು ತಿಂದೆ.

ಲಾಸ್ ಏಂಜಲೀಸ್‌ನಲ್ಲಿ ಅವರಿಗೆ ಕೈಗೆಟುಕುವ ಜಾಗ ಸಿಗಲಿಲ್ಲ. ಜೊತೆಗಿದ್ದ ಇಬ್ಬರು ಹೆಂಗಸರು ಬೇರೆ ಕೆಲಸ ಹುಡುಕಿಕೊಂಡರು. ಕೊನೆಗೆ ಸ್ಯಾನ್ ಡಿಯಾಗೋದಲ್ಲಿ ಯಾರದೋ ವ್ಯಾಪಾರದ ಅಡುಗೆಮನೆಯಲ್ಲಿ ಅರ್ಧ ದಿನದ ಬಾಡಿಗೆ ಪಾಲು ಸಿಕ್ಕಿತು. ಬಸವರಾಜ್ ಅವರೂ ಅಲ್ಲೇ ಕೆಲಸ ನೋಡಿಕೊಂಡು, ಸಂಸಾರವೇ ಅಲ್ಲಿಗೆ ಹೋಯಿತು.

ಪಶ್ಚಾತ್ತಾಪದಲ್ಲಿ ಬೆಂದುಹೋದೆ ಎಂದು ಬರೆದರೆ ಅದು ಎರಡನೆಯ ಸುಳ್ಳಾಗುತ್ತದೆ. ನಾನು ಸುಖವಾಗಿದ್ದೆ. ಈಗಲೂ ಹೆಚ್ಚುಕಡಿಮೆ ಸುಖವಾಗಿಯೇ ಇದ್ದೇನೆ. ಕಟ್ಟಡ ಚೆಲುವಾಗಿ ಎದ್ದು ನಿಂತಿತು. ಬೆಳಗಿನ ಬಿಸಿಲು ಆ ಸೂರಿನಿಂದ ಓರೆಯಾಗಿ ಇಳಿದು ಇಟ್ಟಿಗೆಯ ಮೇಲೆ ಬೀಳುವುದನ್ನು ನೋಡಲು ಕಾಲೇಜು ಹುಡುಗರು ಬರುತ್ತಾರೆ. ನಮ್ಮ ಮನೆ ವಾಲ್‌ನಟ್ ಎಂಬ ಊರಿನಲ್ಲಿ. ಮಗಳು ಚೆನ್ನಾಗಿ ಓದುತ್ತಿದ್ದಾಳೆ, ಹೆಂಡತಿ ಹಿತ್ತಲಲ್ಲಿ ಕರಿಬೇವು ಬೆಳೆಸಿದ್ದಾಳೆ. ಗಿರಿಜಕ್ಕನೂ ಹಬ್ಬಕ್ಕೆ ಫೋನ್ ಮಾಡುತ್ತಿದ್ದರು. ಯಾರಿಗೂ ಏನೂ ಆಗಿಲ್ಲ ಅನ್ನುವಷ್ಟು ಎಲ್ಲ ಸರಿಯಾಗಿತ್ತು.

ಈ ವರ್ಷ ಕೂಟದ ಯುಗಾದಿಗೆ ಸ್ಯಾನ್ ಡಿಯಾಗೋಗೆ ಡ್ರೈವ್ ಮಾಡಿಕೊಂಡು ಹೋಗಿದ್ದೆವು. ಊಟದ ಸಾಲಿನಲ್ಲಿ ಒಬ್ಬ ಹುಡುಗಿ, ಸೌಮ್ಯ, ಮತ್ತು ಅವಳ ಗಂಡ ಸಿಕ್ಕರು. ಬಂದರಿನ ಹತ್ತಿರದ ಮೀನು ಡಬ್ಬಿಗೆ ತುಂಬುತ್ತಿದ್ದ ಒಂದು ಹಳೆಯ ಕಾರ್ಖಾನೆಯಲ್ಲಿ ಜಾಗ ಹಿಡಿದು ಬೇಕರಿ ಮಾಡುವ ಆಸೆ ಅವರಿಗೆ. ಅಡ್ವಾನ್ಸ್ ಕೊಡುವುದೊಂದು ಬಾಕಿ. ಅಷ್ಟರಲ್ಲಿ ಗಿರಿಜಕ್ಕ ಕೈಯಲ್ಲಿ ಸೌಟು ಹಿಡಿದೇ ಬಂದರು.

“ಹಳೇ ಬಿಲ್ಡಿಂಗಿನ ಉಸಾಬರಿ ಬ್ಯಾಡವ್ವಾ. ಹಿಸ್ಟಾರಿಕ್ ಅಂತ ಬೋರ್ಡ್ ಬಿತ್ತಂದ್ರ ಒಲಿ ಹಚ್ಚಾಕ ಬಿಡೂದಿಲ್ಲ. ಬೇಕಾದ್ರ ಇಂವನ್ನ ಕೇಳ್ರಿ, ನಮ್ಮ ರಘು. ನನ್ನ ಸಲುವಾಗಿ ಸಿಟಿಯವರ ಜೋಡಿ ಎಷ್ಟ ಹೊಡದಾಡ್ಯಾನ!”

ನಾನು ಯಾರ ಜೊತೆಯೂ ಹೊಡೆದಾಡಿರಲಿಲ್ಲ. ಅದು ಅವರ ಪ್ರೀತಿ ಸೇರಿಸಿದ ಮಾತು. ಸೌಮ್ಯ ಗಂಡನ ಮುಖ ನೋಡಿದಳು. “ಹಾಗಾದ್ರೆ ಬೇಡ ಬಿಡಿ ಅಂಕಲ್, ಒಳ್ಳೇದಾಯ್ತು ಕೇಳಿದ್ದು” ಎಂದಳು.

ನನ್ನ ಸುಳ್ಳು ಅಷ್ಟು ದೂರ ನಡೆದು ಬಂದು ಇನ್ನೊಬ್ಬರ ಒಲೆಯನ್ನೂ ಆರಿಸುತ್ತಿತ್ತು — ನನ್ನ ಕಣ್ಣೆದುರೇ. “ಬೇಡ ಅನ್ಬೇಡಿ, ಸ್ವಲ್ಪ ಇರಿ” ಎಂದು ಅವಳಿಗೆ ಹೇಳಿ, ಅಕ್ಕನನ್ನು ಪಾರ್ಕಿಂಗ್ ಲಾಟಿಗೆ ಕರೆದುಕೊಂಡು ಹೋದೆ.

“ಅಕ್ಕ, ಸಿಟಿಯವರು ಬೇಡ ಅಂದಿರ್ಲಿಲ್ಲ. ನೀವು ಅಲ್ಲೇ ಇರ್ಬೇಕು ಅಂದಿದ್ರು. ನಾನೇ ಸುಳ್ಳು ಹೇಳ್ದೆ.”

ಅವರು ಕೈಯಲ್ಲಿದ್ದ ಸೌಟನ್ನು ಕೆಳಗಿಳಿಸಿದರು. ಅಳಲಿಲ್ಲ. ದನಿಯೂ ಏರಲಿಲ್ಲ.

“ಜಾಗ ನಿಂದು, ನೀ ಬಿಡಿಸಿದಿ. ಆ ಸಿಟ್ಟ ಒಂದಿನ ಇಳೀತದ. ಆದ್ರ ಇಷ್ಟ ವರ್ಷ ನನ್ನ ಬಾಯಿಲೇನ ಹೊಗಳಿಸ್ಕೊಂಡಿ ಅಲ್ಲೋ... ಪಾಪ ಆ ಸಿಟಿ ಆಫೀಸಿನ ಹೆಣ್ಣಮಗಳನ್ನ ನಾ ಎಷ್ಟ ಬೈದೀನಿ.”

“ತಪ್ಪಾಯ್ತು ಅಕ್ಕ. ಆ ಜಾಗ ಖಾಲಿ ಆದ್ಮೇಲೆ...”

“ನಿನ್ನ ಜಾಗ ನನಗ ಬ್ಯಾಡ. ನಾ ಯಾರ್ಯಾರ ಮುಂದ ನಿನ್ನ ಹೊಗಳೀನೋ, ಅವರಿಗೆಲ್ಲಾ ನೀನ ಹೇಳು. ಆ ಹುಡುಗಿಗೆ ಇವತ್ತೇ ಹೇಳು.”

ಹೇಳಿದೆ. ಸೌಮ್ಯಳಿಗೆ ಅಲ್ಲೇ, ಹೆಂಡತಿಗೆ ವಾಪಸ್ ಬರುವ ದಾರಿಯಲ್ಲಿ. ನಿಮಗೆಲ್ಲರಿಗೂ ಹೇಳಲು ಕೂಟದ ಪತ್ರಿಕೆಯ ಈ ಸಂಚಿಕೆ. ಆ ಅಧಿಕಾರಿ ಈಗ ನಿವೃತ್ತರಾಗಿದ್ದಾರಂತೆ. ಅವರನ್ನು ಹುಡುಕುತ್ತಿದ್ದೇನೆ.

ಸೌಮ್ಯ ಆ ಜಾಗ ಹಿಡಿದಳು. ಸರ್ಕಾರದ ನೆರವಿಗೆ ಅಪ್ಲೈ ಮಾಡಲು ಸಹಾಯ ಮಾಡುತ್ತೇನೆಂದು ನಾನೇ ಮುಂದೆ ಬಂದೆ. ಆಗಾಗ ಬಿಡುವು ಮಾಡಿಕೊಂಡು ಸ್ಯಾನ್ ಡಿಯಾಗೋಗೆ ಹೋಗುತ್ತೇನೆ, ಸಿಟಿ ಕಚೇರಿಯಲ್ಲಿ ಸಾಲು ನಿಲ್ಲುತ್ತೇನೆ. ಗಿರಿಜಕ್ಕನೂ ಬರುತ್ತಾರೆ — ಸೌಮ್ಯಳ ಸಲುವಾಗಿ, ನನ್ನ ಸಲುವಾಗಿ ಅಲ್ಲ. ಮೊದಲಿನ ಹಾಗೆ ತಮ್ಮಾ ಎಂದು ಕರೆಯುವುದಿಲ್ಲ, ಆದರೆ ಕುಡಿಯುವ ನೀರು ಕೇಳಿದರೆ ಕೊಡುತ್ತಾರೆ. ಒಲೆಗೆ ಅಡ್ಡಿಯಿಲ್ಲ, ಹೊಗೆ ಕೊಳವೆ ಮಾತ್ರ ಹಿಂಬದಿಯಿಂದ ಹೋಗಬೇಕು ಎಂದು ನಾನು ವಿವರಿಸಿದರೆ, ಪೂರ್ತಿ ಕೇಳಿಸಿಕೊಂಡು, ಎದ್ದು ಕೌಂಟರಿಗೆ ಹೋಗಿ, ತಮ್ಮದೇ ಇಂಗ್ಲಿಷಿನಲ್ಲಿ ಅದನ್ನೇ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳುತ್ತಾರೆ. ಪ್ರತಿ ಸಲವೂ.

ಕೇಳಲಿ. ಅವರು ಕೇಳಿ ಮುಗಿಸುವವರೆಗೂ ನಾನು ಹಿಂದೆ ಸುಮ್ಮನೆ ನಿಂತಿರುತ್ತೇನೆ.