ರಾಚಪ್ಪನ ಹಗೇವು

ಯಾರೇ ಎಣ್ಣೆಗೆ ಬಂದರೂ ರಾಚಪ್ಪ ಕಾಕಾ ಮೊದಲು ಬಾಟಲಿಯ ಬಾಯಿಗೆ ಮೂಗು ಹಚ್ಚುತ್ತಿದ್ದ. ಆಮೇಲೆ ತಂದವರ ಮುಖ ನೋಡುತ್ತಿದ್ದ. ಎಣ್ಣೆ ಸಿಗುತ್ತದೋ ಬೈಗುಳ ಸಿಗುತ್ತದೋ ಆ ಗಳಿಗೆಯಲ್ಲಿ ನಿರ್ಧಾರವಾಗುತ್ತಿತ್ತು.

"ಇದರಾಗ ನಿನ್ನಿ ಚಿಮಣಿ ಎಣ್ಣಿ ಇತ್ತು. ನನ್ನ ಕುಸುಬಿ ಎಣ್ಣಿ ಕೆಡಸಾಕ ಬಂದೀಯೇನವ್ವಾ? ಬೂದಿ ಹಚ್ಚಿ ತೊಳಕೊಂಡು ಬಾ."

ಸಿಂದಗಿಯಿಂದ ಇಂಡಿಗೆ ಹೋಗುವ ದಾರಿಯಲ್ಲಿದ್ದ ನಮ್ಮ ಊರಿನ ಹಳೇ ಪೇಟೆಯಲ್ಲಿ ಅವನದೊಂದೇ ಕಿರಾಣಿ ಅಂಗಡಿ. ಅವತ್ತಿನ ಅಡುಗೆಗೆ ಬೇಕಾದಷ್ಟನ್ನೇ ಕೊಳ್ಳುವ ಕೂಲಿಯವರ ಓಣಿ ಅದು. ಬೈಸಿಕೊಂಡವರೂ ಸಂಜೆಗೆ ಮತ್ತೆ ಅಲ್ಲಿಗೇ ಬರಬೇಕಿತ್ತು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎದುರಿಗೆ ಕ್ಷೌರ ಮಾಡುತ್ತಿದ್ದ ಕಲ್ಲಪ್ಪನನ್ನಂತೂ ದಿನಾ ಗಿರಾಕಿಗಳ ಮುಂದೆಯೇ ಕಾಡುತ್ತಿದ್ದ: "ಕಲ್ಲಪ್ಪಾ, ನಿನ್ನ ಕತ್ತಿಕಿಂತ ನನ್ನ ಬೆಲ್ಲದ ಅಚ್ಚು ಹರಿತ ಐತಿ ನೋಡು." ಕಲ್ಲಪ್ಪ ನಗುತ್ತಿದ್ದ. ಹಲ್ಲು ಮಾತ್ರ ನಗುತ್ತಿದ್ದವು.

ಅಂಗಡಿಯ ನೆಲದಡಿ ಒಂದು ಹಗೇವು ಇತ್ತು. ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣ ಬಾಯಿ, ಒಳಗೆ ಎರಡಾಳು ಆಳ. ಸುಗ್ಗಿಯಲ್ಲಿ ಜೋಳ ತುಂಬಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಮಳೆಗಾಲದಲ್ಲಿ ಕೂಲಿ ಸಿಗದ ತಿಂಗಳುಗಳಿಗೆ ಓಣಿಯ ರೊಟ್ಟಿ ಅದರೊಳಗಿಂದಲೇ ಬರುತ್ತಿತ್ತು. ತೆರೆಯುವ ಕ್ರಮವನ್ನು ಅವನು ಎಂದೂ ಮುರಿದವನಲ್ಲ. ಚಪ್ಪಡಿ ಸರಿಸಿ ಒಂದು ದಿನ ಹಾಗೇ ಬಿಡುವುದು. ಆಮೇಲೆ ಹಗ್ಗ ಕಟ್ಟಿ ಲಾಟೀನು ಇಳಿಬಿಡುವುದು. ದೀಪ ಉರಿದರಷ್ಟೇ ಮನುಷ್ಯ ಇಳಿಯುವುದು. ಒಮ್ಮೆ ಹಮಾಲನೊಬ್ಬ ಅವಸರ ಮಾಡಿ ಕಾಲು ಇಳಿಬಿಟ್ಟಾಗ ಕಾಕಾ ಅವನ ಕೆನ್ನೆಗೆ ಬಾರಿಸಿದ್ದ. "ಹೆಣ ಹೊರಾಕ ನಾ ಹಮಾಲರನ್ನ ಇಟ್ಟಿಲ್ಲ."

ನಾನು ಬಿಜಾಪುರದಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ವರ್ಷ ಪೇಟೆ ಒಡೆಯುವುದೆಂದು ಠರಾವಾಯಿತು. ಅಗಲ ರಸ್ತೆ, ಸಿಮೆಂಟಿನ ಮಳಿಗೆಗಳು. ತುರ್ತು ಪರಿಸ್ಥಿತಿಯ ಕಾಲ, ಎದುರು ಮಾತಾಡುವವರಿರಲಿಲ್ಲ. ಮುಂದಿನ ವಾರ ಬರುತ್ತೇವೆಂದಿದ್ದ ಗುತ್ತಿಗೆದಾರನ ಜನ ಈ ವಾರವೇ, ಬೆಳಿಗ್ಗೆಯೇ ಬಂದರು. ಮಧ್ಯಾಹ್ನದೊಳಗೆ ಅಂಗಡಿ ಖಾಲಿಯಾಗಬೇಕು, ಹಗೇವು ಮಣ್ಣಿನಿಂದ ತುಂಬಬೇಕು ಎಂದ ಅವರ ಮುಕಾದಮ.

ಕಾಕಾ ಚಪ್ಪಡಿ ಸರಿಸಿ ಕೈ ಮುಗಿದ. "ನಾಳೆತನಕ ಬಿಡ್ರಿ ಸಾಹೇಬ್ರ. ಓಣಿ ಮಂದಿ ತಿನ್ನೂ ಜ್ವಾಳ ಐತಿ."

"ಟ್ರ್ಯಾಕ್ಟರ್ ತುಂಬಿ ನಿಂತೈತಿ. ನಾಳಿ ಅದು ಝಳಕಿಗೆ ಹೋಗಬೇಕು."

ಲಾಟೀನು ಇಳಿಬಿಟ್ಟರು. ಅರ್ಧಕ್ಕೆ ಹೋಗುವಷ್ಟರಲ್ಲಿ ಆರಿತು. ಹಚ್ಚಿ ಮತ್ತೆ ಬಿಟ್ಟರು. ಮತ್ತೆ ಆರಿತು.

ಒಡೆಯುವುದನ್ನು ನೋಡಲು ಓಣಿಯೇ ನೆರೆದಿತ್ತು. ಕಲ್ಲಪ್ಪ ಹೆಗಲ ಮೇಲಿನ ಅರಿವೆ ಸರಿಪಡಿಸಿಕೊಂಡು ಹೇಳಿದ: "ಮಂದಿ ಬಾಟ್ಲಿ ಮೂಸೂದು ಬಿಟ್ಟು ನಿನ್ನ ಡಬ್ಬಿ ಒಮ್ಮೆರ ಮೂಸಬೇಕಿತ್ತಪಾ ರಾಚಪ್ಪ. ಎಣ್ಣಿಗೆ ನೀರು ಬೆರಸಿದ್ರ ದೀಪ ಹೆಂಗ ಉರದೀತು?"

ವರ್ಷಗಟ್ಟಲೆ ಬೈಸಿಕೊಂಡವರೆಲ್ಲ ಒಮ್ಮೆಗೇ ನಕ್ಕರು. ನಾನೂ ನಕ್ಕೆ.

ಮುಕಾದಮ ಮಣ್ಣು ಸುರಿಯಲು ಟ್ರ್ಯಾಕ್ಟರಿನವನಿಗೆ ಕೈ ಮಾಡಿದ. ಎಣ್ಣೆ ಚೊಕ್ಕ ಎಂದರೆ ಹಗೇವಿನ ಗಾಳಿ ಕೆಟ್ಟಿದೆ, ಜೋಳ ಮಣ್ಣುಪಾಲು. ಎಣ್ಣೆ ಕೆಟ್ಟಿದೆ ಎಂದರೆ ಇಳಿಯಬಹುದು. ಕಾಕಾ ಲಾಟೀನು ಎತ್ತಿ ಮೂಸಿದ. ಅವನ ಮೂಗಿಗೆ ಏನು ಗೊತ್ತಾಯಿತೆಂದು ಅವನ ಮುಖದಲ್ಲೇ ಕಂಡಿತು.

"ಹೌದು," ಅಂದ. "ನೀರು ಕೂಡೇತಿ."

ನಗು ಇನ್ನೂ ಜೋರಾಯಿತು. ಮುಕಾದಮ ಟ್ರ್ಯಾಕ್ಟರಿನವನಿಗೆ ತಡೆಯೆಂದ.

"ತಮ್ಮಾ, ಬುಟ್ಟಿ ಹಗ್ಗ ಹಿಡಿ. ತುಂಬಿ ಕೂಗತೇನಿ" ಎಂದು ನನಗೆ ಹೇಳಿ, ಗೋಡೆಯ ಕಚ್ಚುಗಳಲ್ಲಿ ಕಾಲಿಡುತ್ತ ಇಳಿದ. ಒಮ್ಮೆ ಕೆಮ್ಮಿದ್ದು ಕೇಳಿಸಿತು. "ಬುಟ್ಟಿ ಬಿ—" ಎಂದ. ಆಮೇಲೆ ಜೋಳದ ಮೇಲೆ ಚೀಲ ಒಗೆದಂಥ ಸದ್ದು.

ನಾನು ಒಂದು ಕಾಲು ಒಳಗಿಟ್ಟಿದ್ದೆ. ಇಂದಿಗೂ ಆ ಕಾಲು ಅಲ್ಲೇ ಇದೆ ಅನಿಸುತ್ತದೆ. ಕಚ್ಚು ಹುಡುಕುತ್ತ, ಮೊಣಕಾಲಿನತನಕ ಕತ್ತಲೆಯಲ್ಲಿ. ಯಾರೋ ಹಿಂದಿನಿಂದ ಅಂಗಿಯ ಕಾಲರು ಹಿಡಿದು ಎಳೆದರು. ಕಾಕಾನ ಹೆಂಡತಿ ನೀಲವ್ವ.

"ಒಂದ ಸಾಕು," ಅಂದಳು.

ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ ತಂದರು. ಕೊಂಡಿ ಎರಡು ಸಲ ತಪ್ಪಿತು. ಮೂರನೆಯ ಸಲ ಧೋತರದ ನಡುವಿಗೆ ಸಿಕ್ಕಿತು. ಮೇಲೆ ಬಂದಾಗ ಅವನ ಮೂಗಿನ ತುಂಬ ಜೋಳ.

ನೀಲವ್ವ ಅಳಲಿಲ್ಲ. ಅದೇ ಲಾಟೀನು ಹಚ್ಚಿ ಕಲ್ಲಪ್ಪನ ಬಾಗಿಲ ಮುಂದೆ ಇಟ್ಟಳು. ಅದು ಸಂಜೆತನಕ ಉರಿಯಿತು. ಆರಿಸಲು ಯಾರಿಗೂ ಕೈ ಬರಲಿಲ್ಲ.

ಮರುದಿನ ಟ್ರ್ಯಾಕ್ಟರ್ ಝಳಕಿಗೆ ಹೋಗಲಿಲ್ಲ, ಜೋಳದ ಮೇಲೆಯೇ ಮಣ್ಣು ಸುರಿದರು. ಹೊಸ ಮಳಿಗೆಗಳಲ್ಲಿ ಬಟ್ಟೆ ಬಂತು, ಗಡಿಯಾರ ಬಂತು, ಗಾಜಿನೊಳಗೆ ಬೂಟು ಬಂದವು. ಉಪ್ಪು ಬರಲಿಲ್ಲ. ಅಂದು ನಕ್ಕ ಹೆಂಗಸರು ಒಂದು ಕಡ್ಡಿಪೆಟ್ಟಿಗೆಗೂ ಬಸ್ ಸ್ಟ್ಯಾಂಡಿನಾಚೆ ನಡೆದು ಹೋಗತೊಡಗಿದರು.

ಎರಡು ವರ್ಷದ ಮೇಲೆ ನನಗೆ ಗೊಳಸಂಗಿಯಲ್ಲಿ ಮಾಸ್ತರಿಕೆ ಸಿಕ್ಕಿತು. ಅಲ್ಲಿ ಸೀಮೆಎಣ್ಣೆಗೆ ಹೋದರೆ ತಗಡಿನ ಅಂಗಡಿಯಲ್ಲಿ ನೀಲವ್ವ ಕೂತಿದ್ದಳು. ಅದು ಅವಳ ತವರು. ನನ್ನ ಬಾಟಲಿ ತೆಗೆದುಕೊಂಡು ಬಾಯಿಗೆ ಮೂಗು ಹಚ್ಚಿದಳು. ಆಮೇಲೆ ನನ್ನ ಮುಖ ನೋಡಿದಳು.

"ನೀ ಕಾಲೇಜ ಕಲತಾವ. ಅವತ್ತ ದೀಪ ಯಾಕ ಆರಿತು ಅಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ತು, ಚಿಗವ್ವಾ."

ಅವಳು ಖಾಲಿ ಬಾಟಲಿಯನ್ನು ತಿರುಗಿ ನನ್ನ ಕೈಗಿಟ್ಟಳು.

"ಮುಂದಿನ ಅಂಗಡಿಗೆ ಹೋಗು."

ಆ ಊರಲ್ಲಿ ಇನ್ನೊಂದು ಅಂಗಡಿ ಇರಲಿಲ್ಲ.