ಖಂಡೇನವಮಿಯ ಕುದುರೆ

ದೆವ್ವ, ಗಾಳಿ ಎಂಬ ಮಾತುಗಳನ್ನು ನಾನು ಎಂದೂ ನಂಬಿದವಳಲ್ಲ. ನಿಮ್ಮಜ್ಜ ತೀರಿಕೊಂಡ ಮೇಲೆ ಓಣಿಯ ಹೆಂಗಸರು ಮನೆಯಲ್ಲಿ ಏನಾದರೂ ಸದ್ದಾಗುತ್ತದೆಯೇ ಎಂದು ಕೇಳುತ್ತಿದ್ದರು. ಏನೂ ಆಗಿರಲಿಲ್ಲ. ಆದ್ದರಿಂದ, ಮಕ್ಕಳೇ, ಈಗ ಬರೆಯುವುದನ್ನು ನೀವು ನಂಬಲೇಬೇಕೆಂದು ನಾನು ಹೇಳಲಾರೆ.

ನೀವಿನ್ನೂ ಹುಟ್ಟಿರದ ಕಾಲ. ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ಕಂಪ್ಯೂಟರ್ ಬಲ್ಲವರನ್ನು ಕರೆಸಿಕೊಳ್ಳುತ್ತಿದ್ದರು. ನಿಮ್ಮಪ್ಪ ಹಾಗೆಯೇ ಅಲ್ಲಿಯ ಸಿಂಡೆಲ್‌ಫಿಂಗೆನ್ ಊರಿಗೆ ಹೋಗಿದ್ದರು. ನಿಮ್ಮವ್ವ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಹಳೆಯ ಕಾಲದ ಪ್ರಾಣಿಗಳ ಎಲುಬುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಳು. ನಾನು ವೀಸಾದ ಮೇಲೆ ಕೆಲವು ತಿಂಗಳು ಇರಲು ಹೋಗಿದ್ದೆ.

ಆಗ ಅವಳ ಕೈಯಲ್ಲಿದ್ದದ್ದು ಒಂದು ಕುದುರೆಯ ದವಡೆ. ದೂರದ ಹುಲ್ಲುಗಾವಲಿನ ಸೀಮೆಯಲ್ಲಿ, ಸಾವಿರಾರು ವರ್ಷ ಹಿಂದಿನ ಗುಂಡಿಯೊಂದರಲ್ಲಿ ಸಿಕ್ಕದ್ದು. ಅದರ ದವಡೆಹಲ್ಲೊಂದರ ಮುಂದಿನ ಅಂಚು ತುಸು ಸವೆದಿತ್ತು. ಬಾಯಿಗೆ ಕಡಿವಾಣ ಹಾಕಿದ್ದರಿಂದ ಸವೆಯಿತೋ, ಹಲ್ಲು ಸೊಟ್ಟಗಿದ್ದು ತಾನಾಗಿ ಸವೆಯಿತೋ ಎಂಬುದೇ ಪ್ರಶ್ನೆ. ಕಡಿವಾಣದ್ದೆಂದು ತೋರಿಸಿದರೆ, ಮನುಷ್ಯರು ಅಷ್ಟು ಹಿಂದೆಯೇ ಕುದುರೆಯನ್ನು ಪಳಗಿಸಿ ಹತ್ತುತ್ತಿದ್ದರು ಎನ್ನಬಹುದಿತ್ತು. ಅವಳ ಕೆಲಸವೂ ಮುಂದುವರಿಯುತ್ತಿತ್ತು. ಇಲ್ಲದಿದ್ದರೆ ಆ ಚಳಿಗಾಲಕ್ಕೆ ಮುಗಿದಂತೆ. ವರದಿ ಕೊಡುವ ದಿನ ಹತ್ತಿರ ಬಂದಂತೆ ಅವಳು ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಿದ್ದಳು.

ಅಷ್ಟರಲ್ಲಿ ಖಂಡೇನವಮಿ, ಆಯುಧಪೂಜೆಯ ದಿನ, ಬಂತು. ನಿಮ್ಮಜ್ಜ ಟಾಂಗಾ ಹೊಡೆಯುತ್ತಿದ್ದವರು. ಊರಿನಲ್ಲಿ ಆ ದಿನ ಕುದುರೆಗೆ ಕುಂಕುಮ ಹಚ್ಚಿ, ನೆನೆಸಿದ ಕಡಲೆ, ಬೆಲ್ಲ ತಿನ್ನಿಸಿದ ಮೇಲೆಯೇ ನಮ್ಮ ಊಟ. ಜರ್ಮನಿಯಲ್ಲಿ ನಿಮ್ಮಪ್ಪ ಪೂಜೆಗೆ ಲ್ಯಾಪ್‌ಟಾಪ್ ಇಟ್ಟರು. ನಿಮ್ಮವ್ವ ಅಳತೆ ಮಾಡಲೆಂದು ಮನೆಗೆ ತಂದಿದ್ದ ಆ ದವಡೆಯ ಪ್ಲಾಸ್ಟರ್ ಅಚ್ಚನ್ನು ಇಟ್ಟಳು. ಅದರ ಮುಂದೆ ನಾನು ಒಂದು ಬಟ್ಟಲು ಕಡಲೆ ಇಟ್ಟೆ.

“ಅತ್ತಿ, ಈ ಕುದರಿಗೆ ಹಲ್ಲಷ್ಟ ಅದಾವ, ಹೊಟ್ಟಿ ಇಲ್ಲ. ಕಡ್ಲಿ ನನಗ ಕೊಡ್ರಿ,” ಎಂದರು ನಿಮ್ಮಪ್ಪ.

ಪೂಜೆಗಿಟ್ಟ ಸಾಮಾನನ್ನು ಮರುದಿನದವರೆಗೆ ಎತ್ತಬಾರದು. “ನಮ್ಮ ಬಾಸ್‌ಗ ಖಂಡೇನವಮಿ ಗೊತ್ತಿಲ್ರಿ,” ಎಂದು ಅವರು ಲ್ಯಾಪ್‌ಟಾಪ್ ಹೊತ್ತು ನಡೆದೇಬಿಟ್ಟರು. ನಿಮ್ಮವ್ವ ಮಾತ್ರ ನನ್ನ ಮುಖ ನೋಡಿ, ಅಚ್ಚನ್ನು ಅಲ್ಲೇ ಬಿಟ್ಟು ಬಸ್ಸಿಗೆ ಹೋದಳು.

ಮಧ್ಯಾಹ್ನ ಕಿಟಕಿಯ ಹತ್ತಿರ ಕೂತು ಹೂಬತ್ತಿ ಮಾಡುತ್ತಿದ್ದೆ. ಬೆನ್ನ ಹಿಂದೆ ಸದ್ದಾಯಿತು. ಕುದುರೆ ಕಡಿವಾಣವನ್ನು ನಾಲಿಗೆಯಿಂದ ಹಿಂದಕ್ಕೆ ದೂಡಿ ದವಡೆಯಲ್ಲಿ ಕಚ್ಚಿ ಹಿಡಿಯುತ್ತದಲ್ಲ, ಆ ಸದ್ದು. ವರ್ಷಗಟ್ಟಲೆ ಅದನ್ನು ಕೇಳಿದವಳು ನಾನು. ಆದರೆ ನಮ್ಮ ಕುದುರೆಯ ಕಡಿವಾಣ ಕಬ್ಬಿಣದ್ದು, ಕಟಕಟ ಎನ್ನುತ್ತಿತ್ತು. ಇದು ಹಸಿಹಸಿಯಾಗಿ, ಮೆತ್ತಗೆ, ಕರು ಹಗ್ಗ ಅಗಿದ ಹಾಗೆ. ನಡುವೆ ಒಂದು ದೊಡ್ಡ ಉಸಿರು. ನಾನು ತಿರುಗಲಿಲ್ಲ. ಹೆದರಿಕೆಯಿಂದಲ್ಲ, ತಿರುಗಿದರೆ ನಿಂತುಹೋದೀತು ಎನಿಸಿತು. ತಾನಾಗಿ ನಿಂತ ಮೇಲೆ ನೋಡಿದೆ. ಅಚ್ಚು ಇಟ್ಟಲ್ಲೇ ಇತ್ತು. ಕಡಲೆ ಒಂದು ಕಾಳೂ ಕಡಿಮೆಯಾಗಿರಲಿಲ್ಲ.

ಸಂಜೆ ನಿಮ್ಮವ್ವನಿಗೆ ಹೇಳಿದೆ. ನಕ್ಕಾಳು ಎಂದುಕೊಂಡಿದ್ದೆ. ಅವಳು ಕೋಟು ಕೂಡ ಬಿಚ್ಚದೆ ಕೂತುಬಿಟ್ಟಳು.

“ಅವ್ವಾ, ಆಗ ಕಬ್ಬಿಣನ ಇರಲಿಲ್ಲ. ಕಡಿವಾಣ ಇದ್ದಿದ್ರ ಹಗ್ಗದ್ದೋ ತೊಗಲಿಂದೋ ಇರತಿತ್ತು. ಇದನ್ನ ನಿನಗ ಮೊದಲ ಹೇಳಿದ್ನೇನು?”

“ನೆನಪಿಲ್ಲವ್ವ.”

“ನೆನಪ ಮಾಡ್ಕೋ.”

ನಿಜಕ್ಕೂ ನೆನಪಿರಲಿಲ್ಲ. ದಿನಾ ಎಷ್ಟೋ ಹೇಳುತ್ತಿದ್ದಳು, ನಾನು ರೊಟ್ಟಿ ಬಡಿಯುತ್ತ ಹೂಂಗುಟ್ಟುತ್ತಿದ್ದೆ. ಇಲ್ಲವೆಂದು ಗಟ್ಟಿಯಾಗಿ ಹೇಳಿದ್ದರೆ, ಆ ಸದ್ದು ತನ್ನ ಮಾತಿನಿಂದ ಹುಟ್ಟಿದ್ದಲ್ಲವೆಂದು ಅವಳಿಗೆ ಧೈರ್ಯ ಬರುತ್ತಿತ್ತೇನೋ. “ಕೇಳಿಸಿದ್ದು ಖರೇ. ನೀ ಹೇಳಿದ್ದಿಯೋ ಇಲ್ಲೋ ಗೊತ್ತಿಲ್ಲ,” ಎಂದೆ.

“ಹಂಗಾರ ಏನ ಬರೀಲಿ? ನಮ್ಮವ್ವ ಕೇಳ್ಯಾಳ ಅಂತ ಬರೀಲೇನು?” ಎಂದು ನಕ್ಕಳು. ಕಣ್ಣು ತುಂಬಿದ್ದವು.

ಸವೆದದ್ದು ಕಡಿವಾಣದಿಂದಲೇ ಎಂದು ಹೇಳಲಾಗದು ಎಂದೇ ಅವಳು ಬರೆದುಕೊಟ್ಟಳು. ಚಳಿಗಾಲಕ್ಕೆ ಕೆಲಸ ಹೋಯಿತು. ನನ್ನ ಮೇಲೆ ಸಿಟ್ಟಾಗಲಿಲ್ಲ, ಮತ್ತೆ ಆ ಮಾತನ್ನು ಎತ್ತಲೂ ಇಲ್ಲ.

ಮಗಳ ಚಿಂತೆಯೇ ನನ್ನ ಕಿವಿಯಲ್ಲಿ ಸದ್ದಾಯಿತೇ? ಇರಬಹುದು. ಆದರೆ ಅದು ನನ್ನ ಮನಸ್ಸಿನದೇ ಆಟವಾಗಿದ್ದರೆ ನಮ್ಮ ಕುದುರೆಯೇ ಬರಬೇಕಿತ್ತಲ್ಲ, ಕಬ್ಬಿಣ ಕಡಿಯುತ್ತ? ಆ ಕುದುರೆಯ ಬೆನ್ನ ಮೇಲೆ ಯಾರಾದರೂ ಕೂತಿದ್ದರೋ ಇಲ್ಲವೋ, ಹೇಳಲಾರೆ. ಬಾಯಲ್ಲಿ ಏನೋ ಇತ್ತು. ಅಷ್ಟೇ.