ಮನಸ್ಸೋದುವ ಹರಿಶ್ಚಂದ್ರರು
ಪುಣೆಯ ಸದಾಶಿವ ಪೇಠದಲ್ಲಿ ಹೋಟೆಲು ನಡೆಸುವ ಕುಂದಾಪುರದ ಹರಿಶ್ಚಂದ್ರರು, ಕನ್ನಡ ಸಂಘದ ವೇದಿಕೆಯಲ್ಲಿ ಪರರ ಮನಸ್ಸನ್ನು ಓದಿ ತೋರಿಸುತ್ತೇನೆಂದು ಒಪ್ಪಿಕೊಂಡ ಮೇಲೆ ಅವರ ಎದೆ ಸದಾ ಡವಗುಟ್ಟುತ್ತಿರುತ್ತದೆ. ಗಲ್ಲಾದ ಮೇಲೆ ದಿಂಬಿನಷ್ಟು ದಪ್ಪದ, ಮನಸ್ಸೋದುವ ವಿದ್ಯೆಯ ಇಂಗ್ಲಿಷ್ ಪುಸ್ತಕ. ಅದರ ಒಂದು ಪುಟ ಅರ್ಥವಾಗಬೇಕಾದರೆ ಹಿಂದಿನ ಇಡೀ ಅಧ್ಯಾಯವನ್ನು ಮತ್ತೆ ಓದಬೇಕು, ಓದಿ ಮುಗಿಸುವಷ್ಟರಲ್ಲಿ ಅಂಗೈ ಬೆವರಿ, ಅಭ್ಯಾಸಕ್ಕೆಂದು ಹಿಡಿದ ಇಸ್ಪೀಟೆಲೆಗಳು ಒಂದಕ್ಕೊಂದು ಅಂಟಿರುತ್ತವೆ. ಗಿರಾಕಿ ಬಾಯಿ ತೆರೆಯುವ ಮೊದಲೇ ಅವನ ಕಣ್ಣು ನೋಡಿ "ಏಕ್ ಕಾಫಿ!" ಎಂದು ಕೂಗುತ್ತಾರೆ, "ಅಹೋ, ಮಲಾ ಚಹಾ ಪಾಹಿಜೆ" ಎಂದು ಅವನು ಚಹಾಕ್ಕಾಗಿ ಗೊಣಗಿದರೆ ಬೆಚ್ಚಿಬಿದ್ದು ಮತ್ತೆ ಪುಟ ತಿರುವುತ್ತಾರೆ. ಮನೆಯಲ್ಲಿ ಮಾತ್ರ ಅವರ ಊಹೆ ಒಮ್ಮೆಯೂ ತಪ್ಪಿದ್ದಿಲ್ಲ. ಹೆಂಡತಿ ಕುಸುಮ ಮನಸ್ಸಿನಲ್ಲಿ ಒಂದು ಎಲೆ ನೆನೆದುಕೊಳ್ಳುತ್ತಾರೆ, ಇವರು ಹೆಸರು ಹೇಳುತ್ತಾರೆ, "ಹೌದ್ ಮಾರಾಯ್ರೆ, ಅದೇ!" ಎಂದು ಅವರು ಚಪ್ಪಾಳೆ ತಟ್ಟುತ್ತಾರೆ. ಆ ಧೈರ್ಯದ ಮೇಲೆಯೇ ಇವರು ವೇದಿಕೆಗೆ ಒಪ್ಪಿದ್ದು. ನಿನ್ನೆ, ಸುಳ್ಳು ಹೇಳುವವರ ಮುಖಲಕ್ಷಣದ ಅಧ್ಯಾಯ ಕೊನೆಗೂ ತಲೆಗೆ ಹತ್ತಿತು. ಸಂಜೆ ಕುಸುಮರ ಎದುರು ಕೂತು "ಆಟೀನ್ ರಾಣಿ" ಎಂದರು. "ಅದೇ!" ಎಂದ ಹೆಂಡತಿಯ ತುಟಿ ನಕ್ಕಿತು, ಕಣ್ಣು ಮಾತ್ರ ಗಾಬರಿಯಿಂದ ಗಂಡನ ಮುಖವನ್ನೇ ಕಾಯುತ್ತಿತ್ತು. ಹರಿಶ್ಚಂದ್ರರು ಜೀವನದಲ್ಲಿ ಮೊದಲ ಬಾರಿಗೆ ಒಬ್ಬರ ಮನಸ್ಸನ್ನು ಸರಿಯಾಗಿ ಓದಿದ್ದರು. "ಇನ್ನೊಂದ್ ನೆನ್ಸ್ಕೊ, ಕಾಂಬ" ಎಂದು ಎಲೆ ಕಲಸತೊಡಗಿದರು.